ಹಿತ್ತಲ ಹುಲ್ಲು

ಕನ್ನಡದ ಮಾತಿನಲ್ಲಿ ಹುಲ್ಲಿಗೆ ದೊರೆತಿರುವ ಮರ್ಯಾದೆ ಅಷ್ಟಕ್ಕಷ್ಟೆ. ಒಬ್ಬನನ್ನು ಲೆಕ್ಕಕ್ಕಿಡದಿದ್ದರೆ ತೃಣಸಮಾನವಾಗಿ ಕಂಡಂತಾಯಿತು. ಒಂದು ವಸ್ತುವಿಗೆ ಬೆಲೆಯಿಲ್ಲವೆನ್ನಬೇಕಾದರೆ ಅದು ಹುಲ್ಲುಕಡ್ಡಿಗೂ ಸಮವಲ್ಲ. ಮುಳುಗುವವನು ಹುಲ್ಲುಕಡ್ಡಿಯನ್ನು ಹಿಡಿಯುತ್ತಾನೆ, ನಿಜ. ಆದರೆ ಅದೂ ಬೇರೇನೂ ಕೈಗೆ ಸಿಕ್ಕದಿದ್ದಾಗ. ಇಷ್ಟು ಹಗುರವಾಗಿ ಮಾತನಾಡುವ ನಾಲಗೆ ದಿನಕ್ಕೆ ಎರಡು ಹೊತ್ತು ಸವಿಯುವುದು ಹುಲ್ಲಿನ ಕಾಳನ್ನೇ ಎಂಬುದು ಮರೆತುಹೋಗುತ್ತದೆ. ರಾಗಿ ಹುಲ್ಲಿನ ಕುಲ, ಭತ್ತ ಹುಲ್ಲಿನ ಕುಲ, ಬೆಲ್ಲ ಕೊಡುವ ಕಬ್ಬು ಅದೇ ಕುಲ. ತೊಟ್ಟಿಲಿಗೂ ಚಟ್ಟಕ್ಕೂ ಒದಗುವ ಬಿದಿರು ಆ ಕುಲದ ದೊಡ್ಡಣ್ಣ. ವಿಘ್ನೇಶ್ವರನ ತಲೆಯೇರುವ ಗರಿಕೆ, ಪುರೋಹಿತರ ಬೆರಳನ್ನು ಸುತ್ತುವ ದರ್ಭೆ, ಬೇಸಗೆಯಲ್ಲಿ ಮಡಕೆಯ ನೀರಿಗೆ ಕಂಪು ಕೊಡುವ ಲಾವಂಚ ಇವೆಲ್ಲ ಒಂದೇ ಮನೆತನದವು.

ಆದರೂ ಮನೆಯ ಮುಂದೆ ತೋಟ ಮಾಡುವವರು ಹುಲ್ಲನ್ನು ಅದರ ಚೆಲುವಿಗಾಗಿ ನೆಟ್ಟುದು ಅಪರೂಪ. ಗುಲಾಬಿಗೆ ಕುಂಡವುಂಟು, ಕ್ರೋಟನ್ನಿಗೆ ಪಾತಿಯುಂಟು. ಹುಲ್ಲಿಗೆ ಮಾತ್ರ ಎರಡೇ ಗತಿ. ಕಳೆಯೆಂದು ಕೀಳಿಸಿಕೊಳ್ಳಬೇಕು, ಇಲ್ಲವೆ ಲಾನ್ ಎಂಬ ಹೆಸರಿನಲ್ಲಿ ವಾರಕ್ಕೊಮ್ಮೆ ತಲೆ ಬೋಳಿಸಿಕೊಳ್ಳಬೇಕು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆಯೆಂಬುದು ಬೆಂಗಳೂರಿನ ಒಬ್ಬ ರಾಯರಿಗೆ ತಿಳಿದುಬಂದದ್ದು ಅರುವತ್ತು ದಾಟಿದ ಮೇಲೆ, ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ.

ರಾಯರು ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು. ಬೆಂಗಳೂರಿನ ಸದ್ದಿನಿಂದ ದೂರ ಸರಿಯಬೇಕೆಂಬ ಆಸೆಯಿಂದ, ಕಲ್ಯದ ಬೆಟ್ಟ ಕಣ್ಣಿಗೆ ಕಾಣುವಂಥ ಕಡೆ ಅರ್ಧ ಎಕರೆ ಕೊಂಡು ಚಿಕ್ಕದೊಂದು ಮನೆ ಕಟ್ಟಿಸಿದರು. ಕಲ್ಯ ಸಾಮಾನ್ಯ ಹಳ್ಳಿಯಲ್ಲ. ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಸ್ಥಳವೆಂಬ ಪ್ರತೀತಿ ಅದಕ್ಕಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು ಬಗೆಹರಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿ ಇರಿಸಿದನಷ್ಟೆ; ಆ ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ಇದೆ. ಬಂದ ನೆಂಟರಿಗೆಲ್ಲ ಈ ಸಂಗತಿಯನ್ನು ಹೇಳುವುದು ರಾಯರಿಗೆ ಬಲು ಹೆಮ್ಮೆ. ಆದರೆ ನೆಂಟರ ಕಣ್ಣು ಶಾಸನದ ಕಡೆಗಿಂತ ಮನೆಯ ಮುಂದಿನ ಬೋಳು ನೆಲದ ಕಡೆಗೆ ಹೋಗುತ್ತಿತ್ತು. ತೆಳ್ಳನೆಯ ಕೆಂಪು ಮಣ್ಣು, ಅದರ ಕೆಳಗೆ ಕಲ್ಲು, ಅಲ್ಲಲ್ಲಿ ಮೇಲೆದ್ದ ಬಂಡೆ: ಮಾಗಡಿ, ರಾಮನಗರ ಸೀಮೆಯ ನೆಲವೆಲ್ಲ ಹೆಚ್ಚುಕಡಿಮೆ ಹೀಗೆಯೇ. ಮುಂಗಾರಿನ ಮುನ್ನ ಒಂದಿಷ್ಟು, ಭಾದ್ರಪದ ಆಶ್ವೀಜಗಳಲ್ಲಿ ಇನ್ನಷ್ಟು ಮಳೆ ಬಿದ್ದು, ಡಿಸೆಂಬರಿನಿಂದ ಏಪ್ರಿಲಿನವರೆಗೆ ಆಕಾಶ ಬಾಯಿ ಮುಚ್ಚಿಕೊಂಡಿರುತ್ತದೆ.

ರಾಯರ ಮೊದಲ ಸಂಕಲ್ಪ ಲಾನ್. ಬೆಳಗಿನ ಕಾಫಿ ಕುಡಿಯುತ್ತ ಹಸುರು ಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯಬೇಕು ಎಂಬುದು ಅವರ ಬಹುಕಾಲದ ಕನಸು. ಅವರ ಶ್ರೀಮತಿಯವರು ಬೇಡವೆನ್ನಲಿಲ್ಲ. ಒಂದು ಮಾತು ಮಾತ್ರ ಕೇಳಿದರು.

“ನೀರಿನ ಲೆಕ್ಕ ಹಾಕಿದ್ದೀರಾ? ಊರಿನವರ ಲೆಕ್ಕವನ್ನೆಲ್ಲ ಮೂವತ್ತು ವರ್ಷ ನೋಡಿದಿರಿ, ಇದೊಂದನ್ನೂ ನೋಡಿಬಿಡಿ.”

ರಾಯರು ಕಾಗದ ತೆಗೆದುಕೊಂಡು ಕುಳಿತರು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೇಸಗೆಯ ಬಿಸಿಲಿನಲ್ಲಿ ಹಸುರಾಗಿ ಉಳಿಯಬೇಕಾದ ಲಾನು ದಿನಕ್ಕೆ ನಾಲ್ಕರಿಂದ ಐದು ಮಿಲಿಮೀಟರ್ ನೀರನ್ನು ಕುಡಿಯುತ್ತದೆ. ಅವರು ಹಾಕಬೇಕೆಂದಿದ್ದುದು 100 ಚದರ ಮೀಟರ್, ಎಂದರೆ ಸುಮಾರು ಸಾವಿರದ ಎಪ್ಪತ್ತೈದು ಚದರಡಿ. ಐದರ ಲೆಕ್ಕದಲ್ಲಿ ದಿನಕ್ಕೆ 500 ಲೀಟರ್. ಮಳೆಯಿಲ್ಲದ ಐದು ತಿಂಗಳಿಗೆ 75,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರು ಹದಿನೈದು ಸಲ ಬಾಗಿಲಿಗೆ ಬರಬೇಕು. ನಾಲ್ಕರ ಲೆಕ್ಕ ಹಿಡಿದರೂ ಹನ್ನೆರಡು ಸಲ. ಕೊಳವೆಬಾವಿಯಿಂದಲೇ ಎತ್ತೋಣವೆಂದರೆ, ಆ ನೀರಿಗೆ ರಾಯರೊಬ್ಬರೇ ಪಾಲುದಾರರಲ್ಲ. ಪಕ್ಕದ ಗೌಡರ ಹಿಪ್ಪುನೇರಳೆಯೂ ಎರಡು ಸೀಮೆಹಸುಗಳೂ ಅದೇ ನೆಲದಡಿಯ ನೀರನ್ನು ನಂಬಿಕೊಂಡಿದ್ದವು. ರಾಯರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಲಾನಿನ ಮಾತು ಅಲ್ಲಿಗೆ ಮುಗಿಯಿತು.

ಮುಗಿದದ್ದು ಲಾನಿನ ಮಾತು, ಹುಲ್ಲಿನದಲ್ಲ. ಪತ್ರಿಕೆಗಳಲ್ಲಿಯೂ ಚಿತ್ರಗಳಲ್ಲಿಯೂ ಪಶ್ಚಿಮ ದೇಶಗಳ ಹೊಸ ಬಗೆಯ ತೋಟಗಳನ್ನು ರಾಯರು ಕಂಡರು. ಅಲ್ಲಿ ಹುಲ್ಲನ್ನು ಕತ್ತರಿಸುವುದಿಲ್ಲ. ಆಳೆತ್ತರಕ್ಕೆ ಬೆಳೆದು, ತೆನೆ ತೂಗಿ, ಗಾಳಿಗೆ ಬಳುಕಲು ಬಿಡುತ್ತಾರೆ. ಇದು ನಿನ್ನೆ ಮೊನ್ನೆಯ ಗೀಳಲ್ಲ. ಜರ್ಮನಿಯ ಪಾಟ್ಸ್‌ಡಾಮ್ ನಗರದ ಹತ್ತಿರ ಸಸ್ಯೋದ್ಯಾನ ನಡೆಸುತ್ತಿದ್ದ ಕಾರ್ಲ್ ಫೋರ್‌ಸ್ಟರ್ ಎಂಬಾತ ಹುಲ್ಲುಗಳನ್ನೂ ಜರೀಗಿಡಗಳನ್ನೂ ತೋಟಕ್ಕೆ ಕರೆದುಕೊಳ್ಳಬೇಕೆಂದು 1957ರಲ್ಲಿಯೇ ಒಂದು ಪುಸ್ತಕ ಬರೆದಿದ್ದ. ಅವನ ನಂತರ ನೆದರ್ಲೆಂಡ್ಸಿನ ಪೀಟ್ ಔಡಾಲ್ಫ್ ಆ ಕಲೆಯನ್ನು ಲೋಕಪ್ರಸಿದ್ಧಗೊಳಿಸಿದರು. ನ್ಯೂಯಾರ್ಕಿನಲ್ಲಿ ಹಾಳುಬಿದ್ದಿದ್ದ ಎತ್ತರದ ರೈಲುಹಾದಿಯೊಂದನ್ನು ತೋಟವನ್ನಾಗಿ ಮಾಡಿ 2009ರಲ್ಲಿ ಅದರ ಮೊದಲ ಭಾಗವನ್ನು ಜನರಿಗೆ ತೆರೆದರು. ಅಲ್ಲಿಯ ಗಿಡಗಳನ್ನು ಆರಿಸಿದವರು ಇದೇ ಔಡಾಲ್ಫ್. ರೈಲುಗಳು ನಿಂತ ಮೇಲೆ ಹಳಿಗಳ ನಡುವೆ ತಾನೇ ತಾನಾಗಿ ಹುಟ್ಟಿದ್ದ ಹುಲ್ಲು ಗಿಡಗಳೇ ಆ ತೋಟದ ರೂಪಕ್ಕೆ ಪ್ರೇರಣೆಯಾದವು. ಕೋಟ್ಯಂತರ ಡಾಲರಿನ ಉದ್ಯಾನ ಪಾಳುನೆಲದಿಂದ ಪಾಠ ಕಲಿಯಿತೆಂಬುದು ಸಣ್ಣ ಮಾತಲ್ಲ.

ಒಣಸೀಮೆಗೆ ಹುಲ್ಲು ಹೊಂದುವುದಕ್ಕೆ ಕಾರಣವೂ ಇದೆ. ಬಿಸಿನಾಡಿನ ಬಹಳಷ್ಟು ಹುಲ್ಲುಗಳು ಬೇರೆ ಗಿಡಗಳಿಗಿಂತ ಕಡಮೆ ನೀರಿನಲ್ಲಿ ಹೆಚ್ಚು ಆಹಾರ ತಯಾರಿಸಿಕೊಳ್ಳಬಲ್ಲವು. ಬೇಸಗೆ ಬಂದರೆ ಮೇಲಿನ ಎಲೆ ಒಣಗಿ, ಜೀವವನ್ನು ಬುಡದಲ್ಲಿಯೂ ಬೇರಿನಲ್ಲಿಯೂ ಅಡಗಿಸಿಕೊಂಡು ಮಲಗುತ್ತವೆ. ಮೊದಲ ಮಳೆ ಬಿದ್ದ ವಾರದೊಳಗೆ ಎದ್ದು ಕುಳಿತುಕೊಳ್ಳುತ್ತವೆ. ಗೊಬ್ಬರ ಹೆಚ್ಚಾದರೆ ಇವು ಕೊಬ್ಬಿ ಮಗುಚಿ ಬೀಳುತ್ತವೆ. ಬಡ ನೆಲವೇ ಇವಕ್ಕೆ ಒಗ್ಗುವ ನೆಲ.

ರಾಯರಿಗೆ ಉತ್ಸಾಹ ಬಂದಿತು. ಜೂನ್ ತಿಂಗಳಲ್ಲಿ ಬೆಂಗಳೂರಿನ ನರ್ಸರಿಯೊಂದಕ್ಕೆ ಹೋಗಿ ಇಪ್ಪತ್ತು ಕುಂಡಗಳನ್ನು ವ್ಯಾನಿನಲ್ಲಿ ಹೇರಿಸಿಕೊಂಡು ಬಂದರು. ಅದು ಕಾರಂಜಿ ಹುಲ್ಲೆಂದು ಕರೆಯಬಹುದಾದ ಫೌಂಟನ್ ಗ್ರಾಸ್. ಸಜ್ಜೆಯ ದಾಯಾದಿ; ಮೂಲ ಆಫ್ರಿಕದ ಉತ್ತರ ಹಾಗೂ ಪೂರ್ವ ಭಾಗಗಳಲ್ಲಿಯೂ ಅರಬ್ ಸೀಮೆಯಲ್ಲಿಯೂ ಇದೆ. ನೆಟ್ಟ ನಾಲ್ಕು ತಿಂಗಳಿಗೆ ನಸುಗೆಂಪು ಛಾಯೆಯ, ರೇಷ್ಮೆಯಂತೆ ಮೆತ್ತನೆಯ ತೆನೆಗಳು ಎಲ್ಲ ಕಡೆಗೂ ಕಾರಂಜಿಯಂತೆ ಚಿಮ್ಮಿದವು. ದೀಪಾವಳಿಗೆ ಬಂದ ನೆಂಟರು ಈ ಸಲ ಶಾಸನವನ್ನೂ ಕೇಳಿದರು, ತೋಟವನ್ನೂ ಹೊಗಳಿದರು.

ಡಿಸೆಂಬರಿನಲ್ಲಿ ಗೌಡರ ರಾಗಿ ಕೊಯ್ಲು ಮುಗಿಯಿತು. ಬೇಲಿಯ ಆಚೆ ಹುಲ್ಲಿನ ಮೆದೆ ಎದ್ದು ನಿಂತಿತು. ಮುಂದಿನ ಕೊಯ್ಲಿನವರೆಗೂ ಎರಡು ಹಸುಗಳ ಹೊಟ್ಟೆ ಆ ಮೆದೆಯಲ್ಲಿತ್ತು. ಒಂದು ಸಂಜೆ ಗೌಡರು ರಾಯರ ಮನೆಗೆ ಬಂದು, ಜಗಲಿಯ ಅಂಚಿನಲ್ಲಿ ಕುಳಿತು, ಬಹಳ ಹೊತ್ತು ಅವರೆಕಾಯಿಯ ಸೊಗಡಿನ ವಿಚಾರವನ್ನೇ ಮಾತನಾಡಿದರು. ಕೊನೆಗೆ ಕಾಫಿಯ ಲೋಟ ಕೆಳಗಿಟ್ಟು ನಿಜವಾದ ವಿಷಯಕ್ಕೆ ಬಂದರು.

“ಸ್ವಾಮಿ, ನಿಮ್ ಹುಲ್ಲು ನೋಡಾಕೆ ಚೆನ್ನಾಗೈತೆ, ಇಲ್ಲಾ ಅನ್ನಾಕಾಗಲ್ಲ. ಆದ್ರೆ ದನ ಬಾಯಿಡಲ್ಲ. ಒಣಗಿದ್ ಮ್ಯಾಲೆ ಬೆಂಕಿ ತಾಕಿದ್ರೆ ಪೊರಕೆ ಹತ್ತಿಕೊಂಡಂಗೆ ಹತ್ತಿಕೊಳ್ತೈತೆ. ಬೇಲಿ ಪಕ್ಕದಾಗೇ ನನ್ ಮೆದೆ ಐತೆ.”

“ಗೌಡರೆ, ನನ್ನ ಅಂಗಳದಲ್ಲಿ ಬೆಂಕಿ ಯಾರು ಹಾಕುತ್ತಾರೆ?” ಎಂದರು ರಾಯರು.

“ಯಾರೂ ಹಾಕ್ಬೇಕಾಗಿಲ್ಲ ಸ್ವಾಮಿ. ಶಿವರಾತ್ರಿ ಹೊತ್ಗೆ ಬೆಟ್ಟ ಹತ್ತಿಕೊಂಡ್ರೆ ಕಿಡಿ ಗಾಳೀಲೇ ಬತ್ತೈತೆ. ಅದೂ ಹೋಗ್ಲಿ ಅನ್ನಿ. ನಿಮ್ ಹುಲ್ಲು ನಿಮ್ ಅಂಗಳದಾಗೇ ಇದ್ದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ.”

ಅವರು ರಾಯರನ್ನು ಕರೆದುಕೊಂಡು ಹೋಗಿ ಹೊಲದ ಬದುವನ್ನು ತೋರಿಸಿದರು. ಕಲ್ಲುಗಳ ಸಂದಿನಲ್ಲಿ ಎಳೆಯ ಹುಲ್ಲಿನ ಮರಿಗಳು, ಬೆರಳುದ್ದದವು, ಗೇಣುದ್ದದವು. ಬೇರೆ ಹುಲ್ಲೆನ್ನುವಂತಿರಲಿಲ್ಲ.

ಸೋಲೊಪ್ಪಿಕೊಳ್ಳುವುದು ಲೆಕ್ಕಪತ್ರದವರಿಗೆ ಸುಲಭವಲ್ಲ. ರಾಯರು ಓದಿಕೊಂಡವರು, ಅವರಲ್ಲಿ ಒಂದು ಬಾಣ ಉಳಿದಿತ್ತು. “ಹೊರಗಿನದೆಂದು ಇದನ್ನು ಬೈಯುತ್ತೀರಿ ಗೌಡರೆ. ನಿಮ್ಮ ರಾಗಿಯೂ ಆಫ್ರಿಕದಿಂದ ಬಂದದ್ದೇ, ಗೊತ್ತೆ?”

ಮಾತು ಸುಳ್ಳಲ್ಲ. ಇಥಿಯೋಪಿಯ, ಉಗಾಂಡ ಸೀಮೆಯ ಎತ್ತರದ ನೆಲದಲ್ಲಿ ಮನುಷ್ಯನ ಕೈಗೆ ಒಗ್ಗಿದ ರಾಗಿ ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಭಾರತಕ್ಕೆ ಬಂದಿತೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಗೌಡರು ಸ್ವಲ್ಪ ಹೊತ್ತು ಯೋಚಿಸಿದರು.

“ಬಂದಿರಬೌದು ಸ್ವಾಮಿ. ಆದ್ರೆ ರಾಗಿ ನಾವು ಚೆಲ್ಲಿದ ಕಡೆ ಬೆಳೀತೈತೆ. ಒಂದ್ ವರ್ಷ ಬಿತ್ತದೆ ಬಿಟ್ರೆ ತಾನಾಗಿ ಬಂದು ಬೆಟ್ಟ ತುಂಬಲ್ಲ. ಇದು ಬಿತ್ತದೇನೆ ಬಂದೈತೆ.”

ಪಂಡಿತರು ಗ್ರಂಥಗಳಲ್ಲಿ ಪುಟಗಟ್ಟಲೆ ಚರ್ಚಿಸುವ ವಿಷಯವನ್ನು ಗೌಡರು ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಗಿಡ ದೇಶದ್ದೋ ವಿದೇಶದ್ದೋ ಎಂಬುದಲ್ಲ ಮುಖ್ಯ. ಇಟ್ಟ ಜಾಗದಲ್ಲಿ ಇರುತ್ತದೆಯೋ ಇಲ್ಲವೋ ಎಂಬುದು. ಅಮೆರಿಕ ಖಂಡದ ಉಷ್ಣವಲಯದಿಂದ ಹೂವಿನ ಚೆಲುವಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ತೋಟಗಳಿಗೆ ಬಂದ ಲಂಟಾನ ಇಟ್ಟ ಜಾಗದಲ್ಲಿ ಇರಲಿಲ್ಲ. ಅದು ಕಾಡು ಬೆಟ್ಟಗಳನ್ನು ಹೇಗೆ ಮುಚ್ಚಿಕೊಂಡಿತೆಂಬುದನ್ನು ಕನ್ನಡನಾಡಿನವರಿಗೆ ವಿವರಿಸಬೇಕಾಗಿಲ್ಲ.

ರಾಯರ ಮಗಳು ಅಮೆರಿಕದ ಆರಿಜೋನ ಸಂಸ್ಥಾನದ ಟೂಸಾನ್ ನಗರದಲ್ಲಿದ್ದಾಳೆ. ಅದು ಕಲ್ಯಕ್ಕಿಂತ ಎಷ್ಟೋ ಪಾಲು ಒಣಗಿದ ಸೀಮೆ. ಆ ಭಾನುವಾರ ಫೋನಿನಲ್ಲಿ ಮಾತು ಬಂದಾಗ ತಂದೆ ತೋಟದ ಚಿತ್ರ ಕಳುಹಿಸಿ, ಗೌಡರ ಆಕ್ಷೇಪಣೆಯನ್ನು ನಗೆಯಾಡಿಕೊಂಡು ಹೇಳಿದರು. ಮಗಳು ನಗಲಿಲ್ಲ.

“ಅಪ್ಪ, ಇಲ್ಲಿ ರಜೆಯ ದಿನ ಜನ ಹಾರೆ ಪಿಕಾಸಿ ಹಿಡಿದು ಬೆಟ್ಟ ಹತ್ತುತ್ತಾರೆ. ಏನು ಕೀಳುವುದಕ್ಕೆ ಗೊತ್ತೆ? ಇಂಥ ಹುಲ್ಲನ್ನೇ ಕೀಳುವುದಕ್ಕೆ.”

ಟೂಸಾನಿನ ಸುತ್ತಣ ಮರುಭೂಮಿಯಲ್ಲಿ ಮನೆಯೆತ್ತರಕ್ಕೆ ನಿಲ್ಲುವ ಸಾಗ್ವಾರೊ ಕಳ್ಳಿಗಳಿವೆ; ನೂರೈವತ್ತು ವರ್ಷ ಬಾಳುವಂಥವು. ಗಿಡ ಗಿಡಗಳ ನಡುವೆ ಬರಿಯ ನೆಲವಿದ್ದುದರಿಂದ ಅಲ್ಲಿ ಬೆಂಕಿ ಹರಡುವ ಮಾತೇ ಇರಲಿಲ್ಲ. ದನಗಳ ಮೇವಿಗೆಂದು ಬಫೆಲ್ ಹುಲ್ಲನ್ನು ತಂದರು, ತೋಟದ ಅಲಂಕಾರಕ್ಕೆಂದು ಕಾರಂಜಿ ಹುಲ್ಲನ್ನು ತಂದರು. ಎರಡೂ ಬೇಲಿ ಹಾರಿದವು. ಬರಿಯ ನೆಲ ತುಂಬಿ ಬೆಂಕಿಗೆ ದಾರಿಯಾಯಿತು. ಬೆಂಕಿಯನ್ನು ಕಂಡರಿಯದ ಕಳ್ಳಿ ಸುಟ್ಟುಹೋಗುತ್ತದೆ, ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಹವಾಯಿ ದ್ವೀಪದಲ್ಲಿಯೂ ಕಾರಂಜಿ ಹುಲ್ಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದೇ ಬಂದು ಲಾವಾ ನೆಲವನ್ನೆಲ್ಲ ಆವರಿಸಿತು. ಅದರ ನೆರೆಯ ಮಾವಿ ದ್ವೀಪದಲ್ಲಿ 2023ರ ಆಗಸ್ಟಿನಲ್ಲಿ ಲಹೈನಾ ಪಟ್ಟಣ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಬಿರುಗಾಳಿಗೆ ಬೆಂಕಿಯನ್ನು ಹೊತ್ತು ತಂದದ್ದು ಪಾಳುಬಿದ್ದ ಕಬ್ಬಿನ ಗದ್ದೆಗಳಲ್ಲಿ ಬೆಳೆದು ಒಣಗಿ ನಿಂತಿದ್ದ ಗಿನಿ ಹುಲ್ಲು ಮೊದಲಾದ ಪರದೇಶದ ಹುಲ್ಲುಗಳು. ಸೋಜಿಗವೆಂದರೆ, ಆರಿಜೋನದಲ್ಲಿ ಶತ್ರುವೆನಿಸಿದ ಆ ಬಫೆಲ್ ಹುಲ್ಲು ಭಾರತದ ಒಣಸೀಮೆಗಳಲ್ಲಿ ಅಂಜನ್ ಎಂಬ ಹೆಸರಿನಿಂದ ದನಗಳಿಗೆ ಪ್ರಿಯವಾದ ಮೇವು. ಹುಲ್ಲಿನಲ್ಲಿ ಹುಟ್ಟಾ ದುಷ್ಟವೆಂಬುದಿಲ್ಲ. ಜಾಗ ತಪ್ಪಿದರೆ ಒಳ್ಳೆಯದೇ ಕೆಟ್ಟದಾಗುತ್ತದೆ.

ಆ ರಾತ್ರಿ ರಾಯರಿಗೆ ನಿದ್ರೆ ಹತ್ತಲಿಲ್ಲ. ನೆರೆಯವರ ವ್ಯಾಜ್ಯ ತೀರಿಸಿದ ಶಾಸನದ ಊರಿನಲ್ಲಿದ್ದುಕೊಂಡು ತಾವೇ ನೆರೆಯವನ ಮೆದೆಯ ಪಕ್ಕದಲ್ಲಿ ಕಿಡಿಗೆ ಹಾಸಿಗೆ ಹಾಸಿದ್ದು ಅವರ ಮನಸ್ಸನ್ನು ಕೊರೆಯಿತು. ಬೆಳಗ್ಗೆ ಗಂಡಹೆಂಡಿರಿಬ್ಬರೂ ಕತ್ತರಿ ಹಿಡಿದು ತೋಟಕ್ಕಿಳಿದರು. ಮೊದಲು ತೆನೆಗಳನ್ನೆಲ್ಲ ಕತ್ತರಿಸಿ, ಬೀಜ ಉದುರದಂತೆ ಚೀಲದಲ್ಲಿ ಕಟ್ಟಿದರು. ಆಮೇಲೆ ಬುಡಗಳನ್ನು ಬೇರುಸಹಿತ ಅಗೆಸಿದರು. ಗೌಡರ ಬದುವಿನಲ್ಲಿದ್ದ ಮರಿಗಳನ್ನು ರಾಯರು ತಮ್ಮ ಕೈಯಿಂದಲೇ ಕಿತ್ತರು. ಬೀಜವೊಂದು ನೆಲದಲ್ಲಿ ಕೆಲವು ವರ್ಷ ಕಾಯಬಲ್ಲದಾದ್ದರಿಂದ, ಮುಂದೆಯೂ ಮಳೆ ಬಿದ್ದಾಗಲೆಲ್ಲ ಬದುವಿನ ಮೇಲೆ ಒಂದು ಸುತ್ತು ಬರುವ ಕೆಲಸ ಅವರ ಪಾಲಿಗೆ ಬಂದಿತು. ಇಪ್ಪತ್ತು ಕುಂಡಗಳ ಹಣವನ್ನು ಅವರು ಲೆಕ್ಕದ ಪುಸ್ತಕದಲ್ಲಿ ‘ನಷ್ಟ’ ಎಂದು ಬರೆಯಹೊರಟಾಗ ಶ್ರೀಮತಿಯವರು ಪೆನ್ನು ತಡೆದರು.

“ನಷ್ಟವಲ್ಲ, ವಿದ್ಯಾಭ್ಯಾಸದ ಖರ್ಚು ಎಂದು ಬರೆಯಿರಿ.”

ಎರಡನೆಯ ಸಲ ಆಯ್ಕೆ ನಡೆದದ್ದು ನರ್ಸರಿಯಲ್ಲಲ್ಲ. ಬೆಟ್ಟದ ತಪ್ಪಲಿನಲ್ಲಿ, ಗೌಡರ ಹೊಲದಲ್ಲಿ, ಶ್ರೀಮತಿಯವರ ಅಡುಗೆಮನೆಯಲ್ಲಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಅವರು ಒಂದೊಂದಾಗಿ ಒರೆಗೆ ಹಚ್ಚಿ ನೋಡಿದರು.

ಮೊದಲನೆಯ ಸ್ಥಾನ ಲಾವಂಚಕ್ಕೆ ಸಂದಿತು. ಆಳೆತ್ತರದ ನೇರವಾದ ಗರಿಗಳು ತುದಿಯಲ್ಲಿ ಬಾಗಿ, ಮಳೆಗಾಲದ ಕೊನೆಗೆ ನಸುನೇರಳೆಯ ತೆನೆಗಳು ಏಳುತ್ತವೆ. ಬೇರು ಪಕ್ಕಕ್ಕೆ ಹರಿಯದೆ ಹತ್ತು ಅಡಿಯವರೆಗೂ ನೇರವಾಗಿ ಕೆಳಗಿಳಿಯಬಲ್ಲದು. ಆದ್ದರಿಂದ ಬರಕ್ಕೂ ಜಗ್ಗದು, ನೆರೆಗೂ ಜಗ್ಗದು. ದಕ್ಷಿಣದಲ್ಲಿ ಹಿಂದಿನಿಂದ ಬೆಳೆಸಿಕೊಂಡು ಬಂದ ತಳಿಯಲ್ಲಿ ಮೊಳೆಯುವ ಬೀಜ ಇಲ್ಲವೆನ್ನುವಷ್ಟು ಕಡಮೆ. ಬುಡವನ್ನು ಸೀಳಿ ನೆಟ್ಟರೆ ಮಾತ್ರ ಹೊಸ ಗಿಡ. ಗೌಡರ ಪರೀಕ್ಷೆಯಲ್ಲಿ ಇದು ಮೊದಲ ದರ್ಜೆಯಲ್ಲಿಯೇ ತೇರ್ಗಡೆಯಾಯಿತು. ಗುಂಡ್ಲುಪೇಟೆಯ ಸೀಮೆಯ ರೈತರು ತಲೆಮಾರುಗಳಿಂದ ಇದನ್ನು ಹೊಲದ ಎಲ್ಲೆಗೆ ನೆಡುತ್ತ ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕನಕಪುರದ ಕಡೆ ನಡೆದ ಕಬ್ಬಾಳನಾಲಾ ಜಲಾನಯನ ಯೋಜನೆಯಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಲಾವಂಚದ ಸಾಲುಗಳನ್ನು ಬಳಸಿದರು. ಆಮೇಲೆ ಲೋಕದ ಎಷ್ಟೋ ದೇಶಗಳಲ್ಲಿ ಲಾವಂಚದ ಬೇಲಿಗಳೆದ್ದವು. ರಾಯರ ಅಂಗಳದ ಇಳಿಜಾರಿಗೆ ಅಡ್ಡಲಾಗಿ ಅರ್ಧ ಅಡಿಗೊಂದರಂತೆ ಒಂದು ಸಾಲನ್ನು ನೆಟ್ಟರು. ಮರುವರ್ಷದ ಮಳೆಗೆ ಕೆಂಪು ನೀರು ಆ ಸಾಲಿನ ಹಿಂದೆ ತಡೆದು ನಿಂತು, ತಿಳಿಯಾಗಿ ಇಳಿಯತೊಡಗಿತು. ನೆನಪಿಡಬೇಕಾದುದಿಷ್ಟು: ಕಂಪಿನ ಬೇರಿಗೆ ಆಸೆಪಟ್ಟು ಅಗೆದರೆ ಬೇಲಿ ಹೋಯಿತು. ಬೇರು ಬೇಕೆಂದರೆ ಅದಕ್ಕೆಂದೇ ಬೇರೆ ಎರಡು ಬುಡ ನೆಟ್ಟುಕೊಳ್ಳಬೇಕು.

ಎರಡನೆಯದು ಮಜ್ಜಿಗೆ ಹುಲ್ಲು. ಎಳೆಹಸುರಿನ ಗರಿಗಳು ನಡುವಿನಿಂದ ಎದ್ದು ಸುತ್ತಲೂ ಬಾಗುವುದರಿಂದ, ಕಾರಂಜಿಯ ರೂಪ ಬೇಕೆನ್ನುವವರಿಗೆ ಇದರಲ್ಲಿಯೇ ಸಿಕ್ಕುತ್ತದೆ. ಮನೆಯಲ್ಲಿ ಬೆಳೆಯುವ ಬಗೆ ತೆನೆ ಬಿಡುವುದೇ ಅಪರೂಪ. ಎಲೆಯಲ್ಲಿ ಎಣ್ಣೆಯ ಘಾಟು ಇರುವುದರಿಂದ ದನ ಆಡುಗಳು ಸಾಮಾನ್ಯವಾಗಿ ಮೂಸಿ ಬಿಟ್ಟುಹೋಗುತ್ತವೆ. ಕಷಾಯಕ್ಕೆ ಬೇಕಾದಾಗ ನಾಲ್ಕು ಗರಿ ಕೊಯ್ದುಕೊಳ್ಳಬಹುದು. ಲಾವಂಚಕ್ಕೆ ಹೋಲಿಸಿದರೆ ಇದಕ್ಕೆ ನೀರಿನ ಆಸೆ ಸ್ವಲ್ಪ ಹೆಚ್ಚು. ಪಾತ್ರೆ ತೊಳೆದ ನೀರು ಹರಿಯುವ ಕಡೆ ನೆಟ್ಟರೆ ಆ ಚಿಂತೆಯೂ ಇಲ್ಲ.

ಮೂರನೆಯದು ಹಂಚಿಕಡ್ಡಿಯ ಹುಲ್ಲು. ಹಳ್ಳಿಯ ಪೊರಕೆಯಾಗುವ ಈ ಹುಲ್ಲು ಬಂಡೆಯ ಮೇಲಿನ ಬೆರಳಷ್ಟು ಮಣ್ಣಿನಲ್ಲಿಯೂ ಬದುಕುತ್ತದೆ. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದರೆ ಇದರ ಸಣ್ಣ ಕಡ್ಡಿಗಳು ಬಂಗಾರದ ತಂತಿಗಳಂತೆ ಹೊಳೆಯುತ್ತವೆ. ಬೀಜದ ಮೂರು ಮೀಸೆಗಳು ಸೀರೆಯ ಅಂಚಿಗೂ ಪಂಚೆಗೂ ಅಂಟಿಕೊಳ್ಳುವುದರಿಂದ ಕಾಲುದಾರಿಯ ಪಕ್ಕದಲ್ಲಿ ಇದು ಬೇಡ. ಹಿಂದಿನ ಬಂಡೆಯ ಮಗ್ಗುಲಿಗೆ ಒಪ್ಪುತ್ತದೆ. ಗೌಡರ ತಾಯಿ ಕಡ್ಡಿ ಕೊಯ್ದುಕೊಂಡು ಹೋಗಿ, ರಾಯರ ಮನೆಗೂ ಒಂದು ಪೊರಕೆ ಕಟ್ಟಿಕೊಟ್ಟರು. ಇದೇ ಕಾರಣಕ್ಕೆ, ಬೆಟ್ಟದಲ್ಲಿ ಹೇರಳವಾಗಿರುವ, ಈಟಿಯಂಥ ಮೊನೆಯಿಂದ ಬಟ್ಟೆಯನ್ನೂ ಚರ್ಮವನ್ನೂ ಚುಚ್ಚುವ ಹುಲ್ಲನ್ನು ಬೆಟ್ಟಕ್ಕೇ ಬಿಟ್ಟರು.

ದರ್ಭೆಯ ವಿಷಯದಲ್ಲಿ ಚರ್ಚೆಯಾಯಿತು. ಬೆಳ್ಳಿಯಂಥ ಅದರ ತೆನೆಗೆ ರಾಯರು ಮನಸೋತಿದ್ದರು. ಮನೆಯ ಶ್ರಾದ್ಧ ತರ್ಪಣಗಳಿಗೂ ಆಗುತ್ತದೆಂಬುದು ಅವರ ವಾದ. ಆದರೆ ಅದು ನೆಲದಡಿಯಲ್ಲಿ ಸೂಜಿಯಂಥ ಕಾಂಡಗಳನ್ನು ಓಡಿಸಿ ಕಂಡಲ್ಲಿ ತಲೆಯೆತ್ತುತ್ತದೆ. ಈ ನೆಲದ್ದೇ ಆದರೂ ಇಟ್ಟ ಜಾಗದಲ್ಲಿ ಇರುವುದಿಲ್ಲ. ಗೌಡರ ನ್ಯಾಯ ಎಲ್ಲರಿಗೂ ಒಂದೇ. ಕೊನೆಗೆ ದನಗಳಿಗೆ ನೀರಿಡುತ್ತಿದ್ದ ಹಳೆಯ ಕಲ್ಲುಬಾನಿಯೊಂದಕ್ಕೆ ಮಣ್ಣು ತುಂಬಿ, ದರ್ಭೆಯನ್ನು ಅದರಲ್ಲಿ ಕೂರಿಸಿದರು.

ನಡೆದಾಡುವ ಜಾಗಕ್ಕೆ ಗರಿಕೆ. ಬೇಸಗೆಯಲ್ಲಿ ಕಂದಾಗಿ ಒಣಗುತ್ತದೆ, ಮಳೆಗೆ ಹಸುರಾಗುತ್ತದೆ. ನಡುವೆ ನೀರು ಕೇಳುವುದಿಲ್ಲ. ಹಬ್ಬಿ ಪಾತಿಗೆ ನುಗ್ಗದಂತೆ ಅಂಚಿಗೆ ಚಪ್ಪಡಿ ನಿಲ್ಲಿಸಿದರೆ ಸಾಕು. ರಾಯರ ಬರಿಗಾಲಿನ ನಡಿಗೆಯ ಕನಸು ವರ್ಷದಲ್ಲಿ ಆರೇಳು ತಿಂಗಳ ಮಟ್ಟಿಗಾದರೂ ಫಲಿಸಿತು.

ಉಳಿದ ಪಾತಿಗಳನ್ನು ಶ್ರೀಮತಿಯವರು ಹೊಲದ ಬೆಳೆಗಳಿಂದಲೇ ತುಂಬಿಸಿದರು. ಅಮೆರಿಕದಲ್ಲಿ ಕೆನ್ನೇರಳೆ ಬಣ್ಣದ ಸಜ್ಜೆಯ ತಳಿಯೊಂದಕ್ಕೆ 2003ರಲ್ಲಿ ಹೂದೋಟದ ಗಿಡಗಳ ಸ್ಪರ್ಧೆಯಲ್ಲಿ ಚಿನ್ನದ ಪದಕ ಬಂದಿತ್ತೆಂದು ಮಗಳು ತಿಳಿಸಿದ್ದಳು. ಅಲ್ಲಿ ಸಜ್ಜೆ ಅಲಂಕಾರವಾದರೆ ಇಲ್ಲಿ ನವಣೆ ಏಕಾಗಬಾರದು? ಜುಲೈಯಲ್ಲಿ ಒಂದು ಪಾತಿಗೆ ನವಣೆ, ಒಂದಕ್ಕೆ ಸಜ್ಜೆ, ಅಂಚಿಗೆ ಹುಚ್ಚೆಳ್ಳು ಚೆಲ್ಲಿದರು. ಮೂರು ತಿಂಗಳಲ್ಲಿ ನವಣೆಯ ತೆನೆಗಳು ನರಿಯ ಬಾಲದಂತೆ ತೂಗಿದವು, ಹುಚ್ಚೆಳ್ಳಿನ ಹಳದಿ ಹೂ ಅಂಚು ಕಟ್ಟಿತು. ರಾಟವಾಳ ಹಕ್ಕಿಗಳು ಹಿಂಡಾಗಿ ಬಂದು ಕಾಳಿನ ಮುಕ್ಕಾಲು ಪಾಲನ್ನು ಮುಗಿಸಿದವು. ಮನೆಯವರಿಗೆ ಒಂದು ದಿನದ ನವಣೆ ಅನ್ನಕ್ಕಾಗುವಷ್ಟು ಉಳಿಯಿತು. ಅಲಂಕಾರಕ್ಕೆಂದು ಬೆಳೆದದ್ದರಿಂದ ಇಷ್ಟಾದ ಮೇಲೆ ದೂರಲು ಯಾರಿಗೂ ಬಾಯಿರಲಿಲ್ಲ.

ಇಂಥ ತೋಟ ಮಾಡುವವರು ಅನುಸರಿಸಬೇಕಾದ ಕ್ರಮ ಕಷ್ಟದ್ದಲ್ಲ. ಮುಂಗಾರು ಹಿಡಿದ ಮೇಲೆ ನೆಡಬೇಕು. ಬೇರು ಕೂರುವವರೆಗೆ, ಮಳೆ ತಪ್ಪಿದ ದಿನಗಳಲ್ಲಿ ಮಾತ್ರ ನೀರು ಕೊಡಬೇಕು. ಬೇಲಿಯ ಸಾಲನ್ನು ಬಿಟ್ಟು ಒಂಟಿಯಾಗಿ ನೆಡುವ ದೊಡ್ಡ ಬುಡಗಳ ನಡುವೆ ಮೂರಡಿ ಇರಲಿ; ಮೊದಲ ವರ್ಷ ಬೋಳೆನಿಸಿದರೂ ಎರಡನೆಯ ವರ್ಷ ತುಂಬಿಕೊಳ್ಳುತ್ತದೆ. ಗೊಬ್ಬರ ಬೇಡ. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಸೀಳಿ ಮರುನೆಡಬೇಕು. ಮಿಕ್ಕದ್ದನ್ನು ನೆರೆಹೊರೆಗೆ ಹಂಚಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಜನವರಿಯ ಕೊನೆಯೊಳಗೆ, ಬೆಂಕಿಯ ಕಾಲ ಬರುವ ಮುನ್ನ, ಒಣಗಿದ್ದನ್ನೆಲ್ಲ ಕೊಯ್ದು ತಿಪ್ಪೆಗುಂಡಿಗೆ ಸೇರಿಸುವುದು. ಲಾವಂಚವನ್ನು ಒಂದೂವರೆ ಅಡಿಗೆ, ಮಜ್ಜಿಗೆ ಹುಲ್ಲನ್ನು ಗೇಣೆತ್ತರಕ್ಕೆ ಕೊಯ್ಯಬಹುದು. ಮನೆಯ ಗೋಡೆಗೂ ನೆರೆಯವರ ಮೆದೆಗೂ ಹತ್ತಿರ ಎತ್ತರದ ಹುಲ್ಲನ್ನು ನೆಡದೆ, ಹತ್ತು ಹೆಜ್ಜೆಯಷ್ಟು ಜಾಗವನ್ನು ಜಲ್ಲಿ ಹರಡಿ ಬಿಡುವುದು ವಿವೇಕ. ನರ್ಸರಿಯಲ್ಲಿ ಹೊಸ ಹುಲ್ಲು ಕೊಳ್ಳುವವರು ಬೆಲೆ ಕೇಳುವ ಮುನ್ನ ಇನ್ನೊಂದು ಪ್ರಶ್ನೆ ಕೇಳಬೇಕು: ಇದು ಬೀಜದಿಂದ ತಾನಾಗಿ ಹುಟ್ಟುತ್ತದೆಯೆ? ಕಾರಂಜಿ ಹುಲ್ಲಿನಲ್ಲಿಯೇ ಕೆನ್ನೇರಳೆ ಎಲೆಯ ಒಂದು ತಳಿ ಬಹುಮಟ್ಟಿಗೆ ಬೀಜ ಕಟ್ಟದು, ಹಸುರೆಲೆಯದು ಹಾಗಲ್ಲ. ಹೆಸರು ಒಂದೇ, ನಡತೆ ಬೇರೆ.

ಮರುವರ್ಷದ ಶಿವರಾತ್ರಿ ಕಳೆದ ಎರಡು ದಿನಕ್ಕೆ ರಾತ್ರಿ ಬೆಟ್ಟದ ಓರೆಯಲ್ಲಿ ಕೆಂಪು ಗೆರೆಯೊಂದು ಕಾಣಿಸಿಕೊಂಡಿತು. ರಾಯರೂ ಗೌಡರೂ ಬೇಲಿಯ ಎರಡು ಬದಿಗಳಲ್ಲಿ ಬಿಂದಿಗೆಗಳನ್ನು ತುಂಬಿಟ್ಟುಕೊಂಡು ನಡುರಾತ್ರಿಯವರೆಗೂ ನಿಂತಿದ್ದರು. ಗಾಳಿ ಕೆಲವು ಕಿಡಿಗಳನ್ನು ಈ ಕಡೆಗೂ ಎಸೆಯಿತು. ಕೊಯ್ದ ಲಾವಂಚದ ಬುಡಗಳ ನಡುವೆ, ಜಲ್ಲಿಯ ಮೇಲೆ ಬಿದ್ದು ಅವು ಆರಿಹೋದವು. ಮೆದೆ ಮೆದೆಯಾಗಿಯೇ ಉಳಿಯಿತು.

ಜೂನಿನ ಮೊದಲ ಮಳೆ ಬಿದ್ದ ಮೇಲೆ ಗೌಡರು ಮತ್ತೆ ಬಂದು ಜಗಲಿಯ ಅಂಚಿನಲ್ಲಿ ಕುಳಿತರು. ಈ ಸಲ ಅವರೆಕಾಯಿಯ ಪೀಠಿಕೆ ಇರಲಿಲ್ಲ.

“ಸ್ವಾಮಿ, ಆ ಲಾವಂಚದ ಬುಡ ಒಂದಿಷ್ಟು ಸೀಳಿ ಕೊಡ್ತೀರಾ? ನನ್ ಹೊಲದ ಬದೀಗೂ ಒಂದ್ ಸಾಲು ಹಾಕ್ಬೇಕು.”

ರಾಯರು ಗುದ್ದಲಿ ತರಲು ಎದ್ದರು.